ಅಳ್ಳೆದೆಯ ನಾಯಕ: ಅನಂತ್ ನಾಗ್ ಅವರ ಐದು ದಶಕಗಳ ಅಭಿನಯ

ನಟರೊಬ್ಬರ ವೃತ್ತಿಬದುಕಿನ ಬಗ್ಗೆ ಮಾತಾಡಲು ನಿಂತವರನ್ನು ಮೊದಲು ಸೆಳೆಯುವುದು ಪಟ್ಟಿ. ಅನಂತ್ ನಾಗ್ ಅವರ ವಿಷಯದಲ್ಲಂತೂ ಆ ಪಟ್ಟಿ ಸಿದ್ಧವಾಗಿಯೇ ಇದೆ. 1973ರಲ್ಲಿ ಪಿ.ವಿ. ನಂಜರಾಜ ಅರಸ್ ಅವರ ‘ಸಂಕಲ್ಪ’, ಮರುವರ್ಷ ಶ್ಯಾಮ್ ಬೆನಗಲ್ ಅವರ ‘ಅಂಕುರ್’, ಅದರ ಬೆನ್ನಿಗೇ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’. ಆಮೇಲೆ ದೊರೆ–ಭಗವಾನ್ ಜೋಡಿಯ ಸಂಸಾರಚಿತ್ರಗಳು, ಎಂ.ಎಸ್. ಸತ್ಯು ಅವರ ‘ಕನ್ನೇಶ್ವರ ರಾಮ’ ಮತ್ತು ‘ಬರ’, ತಮ್ಮ ಶಂಕರ್ ನಾಗ್ ನಿರ್ದೇಶಿಸಿದ ‘ಮಿಂಚಿನ ಓಟ’ ಮತ್ತು ‘ಆಕ್ಸಿಡೆಂಟ್’, ಮಲಯಾಳದ ‘ಸ್ವಾತಿ ತಿರುನಾಳ್’, ಫಣಿ ರಾಮಚಂದ್ರ ಅವರ ನಗೆಚಿತ್ರಗಳು, ಇತ್ತೀಚಿನ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. 2025ರಲ್ಲಿ ಪದ್ಮಭೂಷಣ. ಇಷ್ಟನ್ನು ಓದಿ, ‘ಆಹಾ, ಎಂಥ ವೈವಿಧ್ಯ’ ಎಂದು ಉದ್ಗರಿಸಿ ಕೂತುಬಿಡಬಹುದು. ಸನ್ಮಾನ ಸಮಾರಂಭಗಳಲ್ಲಿ ಆಗುವುದು ಅಷ್ಟೇ. ಆದರೆ ಪಟ್ಟಿಯ ವೈವಿಧ್ಯ ನಿರ್ದೇಶಕರದು, ಕಥೆಗಾರರದು, ಕಾಲದ್ದು. ಹಲವು ಬಗೆಯ ಚಿತ್ರಗಳಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ನಟನ ಕಲೆ ಹಲವು ಬಗೆಯದಾಯಿತೆಂದು ಹೇಳಲಾಗದು. ಇವರು ಇಷ್ಟು ಬೇರೆ ಬೇರೆ ಕಡೆ ಹೋಗಿ ಮಾಡಿದ ಕೆಲಸವಾದರೂ ಏನು, ಅದರಲ್ಲಿ ಒಂದು ಸೂತ್ರವಿದೆಯೇ ಎಂಬುದು ಈ ಉಪನ್ಯಾಸದ ಪ್ರಶ್ನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡದ ಜನಪ್ರಿಯ ಪರದೆಯ ಮೇಲೆ ಬಲಹೀನ ಮನುಷ್ಯನಿಗೆ ನಾಯಕನ ಸ್ಥಾನ ಕೊಡಿಸಿದವರು ಅನಂತ್ ನಾಗ್. ಬಲಹೀನ ಎಂದಾಗ ನಾನು ಸೋತವನನ್ನು ಕುರಿತು ಹೇಳುತ್ತಿಲ್ಲ. ಸೋತ ನಾಯಕ ನಮ್ಮ ಸಿನಿಮಾಕ್ಕೆ ಹೊಸಬನೇನಲ್ಲ. ‘ಕಸ್ತೂರಿ ನಿವಾಸ’ದ ರವಿವರ್ಮ ಆಸ್ತಿ, ಮನೆ, ಕೊನೆಗೆ ಸಾಕಿದ ಪಾರಿವಾಳವನ್ನೂ ಕಳೆದುಕೊಳ್ಳುತ್ತಾನೆ, ಕಳೆದುಕೊಂಡಷ್ಟೂ ಎತ್ತರವಾಗುತ್ತಾನೆ. ‘ನಾಗರಹಾವು’ ಚಿತ್ರದ ರಾಮಾಚಾರಿ ಬಂಡೆಗೆ ತಲೆ ಚಚ್ಚಿಕೊಳ್ಳುವವನಂತೆ ಬದುಕಿನೆದುರು ಸೋಲುತ್ತಾನೆ, ಆದರೆ ಅವನ ಸಿಟ್ಟಿಗೆ ಒಂದು ತೇಜಸ್ಸಿದೆ. ಈ ಸೋಲುಗಳಲ್ಲಿ ಪ್ರೇಕ್ಷಕ ನಾಯಕನ ಬಗ್ಗೆ ನಾಚಿಕೊಳ್ಳಬೇಕಾದ ಸಂದರ್ಭವೇ ಬರುವುದಿಲ್ಲ. ದೌರ್ಬಲ್ಯದ ಕಥೆ ಬೇರೆ. ಅದು ಆಡಬೇಕಾದ ಮಾತನ್ನು ಆಡದೆ ಉಗುಳು ನುಂಗುತ್ತದೆ, ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ಮುಚ್ಚುತ್ತದೆ, ತಪ್ಪೆಂದು ಗೊತ್ತಿದ್ದೂ ಅನುಕೂಲವಾದ ಕಡೆಗೆ ಜಾರುತ್ತದೆ. ಅದನ್ನು ತೋರಿಸಲು ಒಪ್ಪುವ ನಾಯಕನಟ ತನ್ನ ಬಗೆಗಿನ ಗೌರವವನ್ನೇ ಪಣಕ್ಕಿಡಬೇಕು. ಅನಂತ್ ನಾಗ್ ಆ ಪಣವನ್ನು ಮತ್ತೆ ಮತ್ತೆ ಇಟ್ಟರು. ಅವರ ವೈವಿಧ್ಯ ಇರುವುದೂ ಇಲ್ಲೇ. ಪಾತ್ರದಿಂದ ಪಾತ್ರಕ್ಕೆ ಬದಲಾಗುವುದು ವೇಷಕ್ಕಿಂತ ಹೆಚ್ಚಾಗಿ, ಆ ಮನುಷ್ಯನ ದೌರ್ಬಲ್ಯಕ್ಕೆ ಬೆಲೆ ತೆರುವವರು ಯಾರು ಎಂಬುದು.

ಅವರ ಹಿನ್ನೆಲೆಯಲ್ಲಿ ನಮಗಿಲ್ಲಿ ಬೇಕಾದುದು ಒಂದೆರಡು ಸಂಗತಿ ಮಾತ್ರ. 1948ರ ಸೆಪ್ಟೆಂಬರ್ 4ರಂದು ಕೊಂಕಣಿ ಮಾತಾಡುವ ನಾಗರಕಟ್ಟೆ ಮನೆತನದಲ್ಲಿ ಹುಟ್ಟಿದ ಅವರ ಬಾಲ್ಯ ಕಾಞಂಗಾಡಿನ ಆನಂದಾಶ್ರಮ, ಶಿರಾಲಿಯ ಚಿತ್ರಾಪುರ ಮಠಗಳ ವಾತಾವರಣದಲ್ಲಿ ಕಳೆಯಿತು, ಯೌವನ ಮುಂಬಯಿಯಲ್ಲಿ. ಅಲ್ಲಿಯ ಕೊಂಕಣಿ, ಮರಾಠಿ, ಕನ್ನಡ, ಹಿಂದಿ ರಂಗಭೂಮಿಯಿಂದ ಅವರು ಸಿನಿಮಾಕ್ಕೆ ಬಂದರು. ಅಂದರೆ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಅವರ ಪೀಳಿಗೆಯನ್ನು ರೂಪಿಸಿದ ಕಂಪನಿ ನಾಟಕದ ಗರಡಿಯಲ್ಲಿ ಅವರು ಪಳಗಿದವರಲ್ಲ. ಕಂಪನಿ ನಾಟಕದ ನಟ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸುವಂತೆ ಮಾತನ್ನು ಎತ್ತಿ ನಿಲ್ಲಿಸಬೇಕಿತ್ತು. ವಾಕ್ಯದ ಕೊನೆ ಗಟ್ಟಿಯಾಗಿ ಮುಗಿಯಬೇಕಿತ್ತು. ಅನಂತ್ ನಾಗ್ ಅವರ ವಾಕ್ಯಗಳು ಹಾಗೆ ಮುಗಿಯುವುದಿಲ್ಲ. ಶುರುವಾಗುವಾಗ ಇದ್ದ ಧೈರ್ಯ ಕ್ರಿಯಾಪದದ ಹೊತ್ತಿಗೆ ಕರಗಿರುತ್ತದೆ. ಕೆಲವು ಸಲ ಕ್ರಿಯಾಪದವೇ ಬರುವುದಿಲ್ಲ, ಅದರ ಜಾಗದಲ್ಲಿ ಒಂದು ಪೆಚ್ಚುನಗೆ ಬರುತ್ತದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಹೇಳುವವನು ನಿರ್ಧಾರಕ್ಕೆ ಬಂದಿದ್ದಾನೋ ಇಲ್ಲವೋ ಎಂಬುದು ಅಲ್ಲಿಯವರೆಗೂ ತೂಗಾಡುತ್ತಿರುತ್ತದೆ. ಆ ತೂಗಾಟವನ್ನೇ ಅವರು ಅಭಿನಯ ಮಾಡಿಕೊಂಡರು.

‘ಅಂಕುರ್’ ಇದಕ್ಕೆ ಮೊದಲ ದೊಡ್ಡ ಸಾಕ್ಷಿ. ತೆಲಂಗಾಣದ ಹಳ್ಳಿಯೊಂದರ ಜಮೀನು ನೋಡಿಕೊಳ್ಳಲು ಅಪ್ಪ ಕಳಿಸಿದ ಸೂರ್ಯ ಎಂಬ ಯುವಕ ಅಲ್ಲಿ ಆಳಾಗಿರುವ ಲಕ್ಷ್ಮಿಯ ಕೈಯಿಂದಲೇ ಚಹಾ ಮಾಡಿಸಿಕೊಂಡು ಕುಡಿಯುತ್ತಾನೆ, ಅಡುಗೆ ಮಾಡಿಸಿಕೊಂಡು ಉಣ್ಣುತ್ತಾನೆ. ಊರಿನವರ ಹುಬ್ಬೇರಿದರೂ ಜಾತಿಯ ಕಟ್ಟನ್ನು ಲೆಕ್ಕಿಸದ ಆಧುನಿಕನಂತೆ ಕಾಣುತ್ತಾನೆ. ಆ ಔದಾರ್ಯ ಅವನ ಅನುಕೂಲ ಮುಗಿಯುವಲ್ಲಿಗೆ ಮುಗಿಯುತ್ತದೆಂದು ಚಿತ್ರ ನಿಧಾನವಾಗಿ ತೋರಿಸುತ್ತದೆ. ಲಕ್ಷ್ಮಿಯ ಗಂಡ ಕಿಷ್ಟಯ್ಯ ಮಾತು ಬಾರದ ಕುಂಬಾರ; ಕಳ್ಳು ಕದ್ದ ತಪ್ಪಿಗೆ ಅವನ ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿದ ಮೇಲೆ ಅವನು ಊರು ಬಿಟ್ಟುಹೋಗುತ್ತಾನೆ. ಸೂರ್ಯ ಲಕ್ಷ್ಮಿಯೊಡನೆ ಸಂಬಂಧ ಬೆಳೆಸುತ್ತಾನೆ. ಅವಳು ಬಸಿರಾದಾಗ, ಹೆಂಡತಿ ಮನೆಗೆ ಬಂದಾಗ, ಕೈ ಕೊಡವಿಕೊಳ್ಳುತ್ತಾನೆ. ಕೊನೆಗೆ ಕಿಷ್ಟಯ್ಯ ಕೆಲಸ ಕೇಳಲು ಬರುತ್ತಾನೆ. ಸೇಡು ತೀರಿಸಿಕೊಳ್ಳಲು ಬಂದನೆಂದು ಬಗೆದ ಸೂರ್ಯ ಅವನನ್ನು ಚಾಟಿಯಿಂದ ಬಡಿಯುತ್ತಾನೆ.

ಆ ಹೊಡೆತದ ದೃಶ್ಯವನ್ನು ಮತ್ತೆ ನೋಡಿ. ಜಮೀನ್ದಾರನ ಕ್ರೌರ್ಯವನ್ನು ತೋರಿಸುವ ಸುಲಭದ ದಾರಿ ನಮ್ಮ ಖಳನಟರಿಗೆಲ್ಲ ಗೊತ್ತಿದ್ದದ್ದು: ಕಣ್ಣು ಕೆಂಪಗೆ ಮಾಡುವುದು, ಹಲ್ಲು ಕಡಿಯುವುದು, ಕೈಯಲ್ಲಿರುವ ಅಧಿಕಾರವನ್ನು ಸವಿಯುವುದು. ಇಲ್ಲಿ ಹೊಡೆಯುವವನೇ ಹೆದರಿದ್ದಾನೆ. ಚಾಟಿ ಬೀಸುವ ಕೈಯಲ್ಲಿ ಗಾಬರಿಯಿದೆ, ನಿಲ್ಲಿಸಿದರೆ ಏನಾದೀತೋ ಎಂಬ ಭಯದಿಂದಲೇ ಅದು ಮತ್ತೆ ಮತ್ತೆ ಬೀಸುತ್ತದೆ. ಲಕ್ಷ್ಮಿ ಓಡಿಬಂದು ಗಂಡನನ್ನು ತಬ್ಬಿಕೊಂಡು ಶಾಪ ಹಾಕುವಾಗ ಸೂರ್ಯ ಮನೆಯೊಳಗೆ ಸೇರಿ ಬಾಗಿಲ ಹಿಂದೆ ನಿಲ್ಲುತ್ತಾನೆ. ಹುಡುಗನೊಬ್ಬ ಕಿಟಕಿಯ ಗಾಜಿಗೆ ಎಸೆಯುವ ಕಲ್ಲನ್ನು ಚಿತ್ರದ ಅಂತ್ಯವೆಂದು ಎಲ್ಲರೂ ನೆನೆಯುತ್ತಾರೆ, ಅದು ಸರಿಯೇ. ಆದರೆ ಆ ಕಲ್ಲಿಗೆ ತೂಕ ಬರುವುದು ಒಳಗೆ ನಿಂತವನ ಮುಖದಿಂದ. ತಾನು ಎಂಥವನೆಂದು ಅವನಿಗೆ ಆ ಗಳಿಗೆಯಲ್ಲಿ ಗೊತ್ತಾಗಿದೆ, ಗೊತ್ತಾದದ್ದರಿಂದ ಏನೂ ಬದಲಾಗುವುದಿಲ್ಲವೆಂಬುದೂ ಗೊತ್ತಾಗಿದೆ. ಇಲ್ಲಿ ದೌರ್ಬಲ್ಯದ ಬೆಲೆಯನ್ನು ಪೂರ್ತಿಯಾಗಿ ತೆತ್ತವರು ಲಕ್ಷ್ಮಿ ಮತ್ತು ಕಿಷ್ಟಯ್ಯ. ಆ ವರ್ಷದ ರಾಷ್ಟ್ರಪ್ರಶಸ್ತಿಗಳು ಲಕ್ಷ್ಮಿಯಾದ ಶಬಾನಾ ಆಜ್ಮಿ ಅವರಿಗೂ ಕಿಷ್ಟಯ್ಯನಾದ ಸಾಧು ಮೆಹರ್ ಅವರಿಗೂ ಸಂದವು, ಇಬ್ಬರೂ ಅರ್ಹರು. ನೋವನ್ನು ಅಭಿನಯಿಸಿದವರನ್ನು ನಾವು ಗುರುತಿಸುತ್ತೇವೆ, ಹೇಡಿತನವನ್ನು ಅಷ್ಟೇ ಚೆನ್ನಾಗಿ ಅಭಿನಯಿಸಿದವನನ್ನು ಪಾತ್ರದ ಜೊತೆಗೆ ಸೇರಿಸಿ ಮರೆಯುತ್ತೇವೆ.

ಬೆನಗಲ್ ಈ ನಟನಲ್ಲಿ ಕಂಡದ್ದೇನೆಂಬುದು ಮುಂದಿನ ಪಾತ್ರಗಳಲ್ಲೂ ತಿಳಿಯುತ್ತದೆ. ‘ಮಂಥನ್’ ಚಿತ್ರದ ಚಂದಾವರ್ಕರ್ ಹಾಲಿನ ಸಹಕಾರ ಸಂಘ ಕಟ್ಟಲು ಹಳ್ಳಿಗೆ ಬಂದ ತಂಡದ ಯುವಕ. ಅವನು ಅಲ್ಲಿಯ ಹುಡುಗಿಯೊಬ್ಬಳ ಸಹವಾಸಕ್ಕೆ ಬಿದ್ದು ಇಡೀ ಕೆಲಸಕ್ಕೇ ಕುತ್ತು ತರುತ್ತಾನೆ, ತಂಡದ ಮುಖ್ಯಸ್ಥ ಅವನನ್ನು ಊರಿಂದಾಚೆ ಕಳಿಸಬೇಕಾಗುತ್ತದೆ. ‘ಭೂಮಿಕಾ’ದ ರಾಜನ್ ನಾಯಕಿಯನ್ನು ಪ್ರೀತಿಸುವ ನಟ, ಪ್ರೀತಿ ಇದೆ, ಅದಕ್ಕೆ ಬೇಕಾದ ಗಟ್ಟಿತನ ಇಲ್ಲ. ಸ್ಮಿತಾ ಪಾಟೀಲ್, ಶಬಾನಾ, ಗಿರೀಶ ಕಾರ್ನಾಡ, ಅಮರೀಶ್ ಪುರಿ ಅವರಂಥ ಗಟ್ಟಿಗರ ಪಕ್ಕದಲ್ಲಿ ಬಿರುಕಿರುವ ಮನುಷ್ಯನಾಗಿ ನಿಲ್ಲುವುದು ಇವರ ಪಾಲಿಗೆ ಬಂದ ಕೆಲಸ. ಸುಲಭದ ಕೆಲಸವಲ್ಲ ಅದು, ಚಪ್ಪಾಳೆ ಸಿಗುವ ಕೆಲಸವಂತೂ ಅಲ್ಲವೇ ಅಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅಧೀರ ನಾಯಕನನ್ನು ಕನ್ನಡಕ್ಕೆ ತಂದವರು ನವ್ಯರಲ್ಲವೇ? 1970ರ ‘ಸಂಸ್ಕಾರ’ದಲ್ಲಿ ಕಾರ್ನಾಡರ ಪ್ರಾಣೇಶಾಚಾರ್ಯರು ಆಗಲೇ ನಿರ್ಧಾರ ಮಾಡಲಾಗದೆ ಅಲೆದಿದ್ದರಲ್ಲ? ಆಕ್ಷೇಪ ನಿಜ, ಅದನ್ನು ನಾನು ಒಪ್ಪುತ್ತೇನೆ. ಸಾಹಿತ್ಯದಲ್ಲಿ, ಆ ಸಾಹಿತ್ಯದಿಂದ ಹುಟ್ಟಿದ ಹೊಸ ಅಲೆಯ ಸಿನಿಮಾದಲ್ಲಿ ಈ ಮನುಷ್ಯ ಮೊದಲೇ ಬಂದಿದ್ದ. ಆದರೆ ಪ್ರಾಣೇಶಾಚಾರ್ಯರ ತಳಮಳ ಧರ್ಮಜಿಜ್ಞಾಸೆಯ ಎತ್ತರದಲ್ಲಿ ನಡೆಯುವಂಥದು. ಅವರು ಜಾರಿದಾಗಲೂ ಒಂದು ಮಹಾಪ್ರಶ್ನೆಯೊಳಕ್ಕೇ ಜಾರುತ್ತಾರೆ. ಮನೆ ಬಾಡಿಗೆ ಬಾಕಿ ಉಳಿಸಿಕೊಂಡವನ, ಹೆಂಡತಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದವನ, ಕಚೇರಿಯಲ್ಲಿ ಮೇಲಿನವರ ಎದುರು ಮಾತು ಹೊರಡದವನ ಅಧೈರ್ಯಕ್ಕೆ ಅಂಥ ಎತ್ತರವಿಲ್ಲ. ಜೊತೆಗೆ, ಹೊಸ ಅಲೆಯ ಚಿತ್ರಗಳನ್ನು ನೋಡಿದವರು ಎಷ್ಟು ಮಂದಿ? ಫಿಲ್ಮ್ ಸೊಸೈಟಿಗಳ ಆಚೆಗೆ ಅವು ದಾಟಿದ್ದು ಕಡಿಮೆ. ಆ ಮನುಷ್ಯನನ್ನು ಕೈಹಿಡಿದು ಕುಟುಂಬಸಮೇತ ಜನ ಬರುವ ಚಿತ್ರಮಂದಿರಕ್ಕೆ ಕರೆತಂದ ಕೆಲಸ ಬೇರೆಯೇ. ‘ಬಯಲು ದಾರಿ’ಯಲ್ಲಿ ಕಲ್ಪನಾ ಎದುರು, ‘ಚಂದನದ ಗೊಂಬೆ’ಯಲ್ಲಿ ಲಕ್ಷ್ಮಿ ಎದುರು ಅನಂತ್ ನಾಗ್ ನಿಂತಾಗ ಕನ್ನಡದ ಸಂಸಾರಚಿತ್ರದ ಗಂಡಸು ಒಂದು ಹೆಜ್ಜೆ ಹಿಂದೆ ಸರಿದು ಹೆಣ್ಣಿನ ಪಾತ್ರಕ್ಕೆ ಜಾಗ ಬಿಟ್ಟ. ‘ನಾ ನಿನ್ನ ಬಿಡಲಾರೆ’ ಎಂಬ ದೆವ್ವದ ಕಥೆಯಲ್ಲಂತೂ ಮೈಮೇಲೆ ದೆವ್ವ ಬರುವುದು ಗಂಡನಿಗೆ. ಅವನನ್ನು ಉಳಿಸಿಕೊಳ್ಳಲು ಹೋರಾಡುವವಳು ಹೆಂಡತಿ. ಆಗಿನ ಬೇರಾವ ನಾಯಕನಟ ಇದಕ್ಕೆ ಸುಲಭವಾಗಿ ಒಪ್ಪುತ್ತಿದ್ದ ಎಂದು ಯೋಚಿಸಿ ನೋಡಬೇಕು.

ಇನ್ನೊಂದು ಬದಿಯಲ್ಲಿ ಅಧಿಕಾರವಿದ್ದೂ ಅಶಕ್ತನಾದ ಮನುಷ್ಯನಿದ್ದಾನೆ, ನನ್ನ ದೃಷ್ಟಿಯಲ್ಲಿ ಇದೇ ಅವರ ಅತ್ಯುತ್ತಮ ಕೆಲಸ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಸತ್ಯು 1982ರಲ್ಲಿ ‘ಬರ’ವಾಗಿಸಿದಾಗ ಅದರ ಕೇಂದ್ರದಲ್ಲಿದ್ದದ್ದು ಆದರ್ಶವಾದಿ ಜಿಲ್ಲಾಧಿಕಾರಿ. ಓದಿದವನು, ಪ್ರಾಮಾಣಿಕ, ಜನರ ಬಗ್ಗೆ ನಿಜವಾದ ಕಾಳಜಿ ಇರುವವನು. ಜಿಲ್ಲೆಯನ್ನು ಬರಪೀಡಿತವೆಂದು ಸರ್ಕಾರದಿಂದ ಘೋಷಿಸಿಸಲು ಅವನು ಪಡುವ ಪಾಡು ರಾಜಕೀಯದ ಲೆಕ್ಕಾಚಾರಗಳ ನಡುವೆ ನುಜ್ಜುಗುಜ್ಜಾಗುತ್ತದೆ. ಇಂಥ ಪಾತ್ರವನ್ನು ಕೆಚ್ಚೆದೆಯ ಅಧಿಕಾರಿಯನ್ನಾಗಿ ಮಾಡಿ ಮೇಜು ಗುದ್ದಿಸಿದ್ದರೆ ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತಿತ್ತು. ಅನಂತ್ ನಾಗ್ ಅದನ್ನು ಮಾಡಲಿಲ್ಲ. ಅವರ ಜಿಲ್ಲಾಧಿಕಾರಿ ಸಭ್ಯ, ಆ ಸಭ್ಯತೆಯೇ ಅವನ ಮಿತಿ. ಒಳ್ಳೆಯತನಕ್ಕೂ ಪರಿಣಾಮಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಅವರ ಇಸ್ತ್ರಿ ಮಾಡಿದ ಬಟ್ಟೆ, ಅಳೆದ ಮಾತು, ತಾಳ್ಮೆ ಕೆಡುವುದಕ್ಕೆ ಮುಂಚಿನ ಆ ಸಣ್ಣ ಮೌನ ಸೇರಿ ಹೇಳುತ್ತವೆ. ಇಲ್ಲಿ ಬೆಲೆ ತೆರುವುದು ಇಡೀ ಜಿಲ್ಲೆ. ‘ಆಕ್ಸಿಡೆಂಟ್’ ಚಿತ್ರದಲ್ಲಿ ಇದೇ ಸಭ್ಯ ಮುಖ ಮಗನ ಅಪರಾಧವನ್ನು ಮುಚ್ಚಿಹಾಕುವ ರಾಜಕಾರಣಿಯದಾಗುತ್ತದೆ. 1985ರಲ್ಲಿ ಅವರಿಗೆ ಮೂವತ್ತೇಳು ವರ್ಷ. ನಾಯಕನಾಗಿ ಬೇಡಿಕೆಯಿದ್ದ ಕಾಲದಲ್ಲಿ ಬೆಳೆದ ಮಗನ ಅಪ್ಪನಾಗಿ, ಅದೂ ತಪ್ಪಿತಸ್ಥ ಅಪ್ಪನಾಗಿ ನಟಿಸಿದರು. ಎರಡು ವರ್ಷಗಳ ನಂತರದ ‘ಅವಸ್ಥೆ’ಯಲ್ಲಿ, ಅನಂತಮೂರ್ತಿಯವರದೇ ಕಾದಂಬರಿಯ ಕೃಷ್ಣಪ್ಪ ಗೌಡನಾಗಿ, ಪಾರ್ಶ್ವವಾಯು ಬಡಿದು ಮಲಗಿದ ರಾಜಕಾರಣಿಯ ನೆನಪುಗಳನ್ನು ಹೊತ್ತರು. ಹೋರಾಟಗಾರನ ಕಸುವು ಮತ್ತು ಅದು ಸೋರಿಹೋದ ಮೇಲಿನ ಮೈ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಬೇಕಾದ ಪಾತ್ರವದು. ಕಾಕತಾಳೀಯವೆಂಬಂತೆ, ಈ ಪಾತ್ರಗಳನ್ನು ಮಾಡಿದ ನಟ ಮುಂದೆ 1994ರಲ್ಲಿ ಮಲ್ಲೇಶ್ವರದಿಂದ ಶಾಸಕರಾಗಿ, ಜೆ.ಎಚ್. ಪಟೇಲರ ಸಂಪುಟದಲ್ಲಿ ಸಚಿವರೂ ಆದರು. ಅವರ ರಾಜಕಾರಣವನ್ನು ತೂಗುವುದು ಇಲ್ಲಿಯ ಕೆಲಸವಲ್ಲ.

ಈಗ ನಗೆಚಿತ್ರಗಳಿಗೆ ಬರೋಣ. ಇಲ್ಲೇ ವಿಮರ್ಶಕರು ಮೂಗು ಮುರಿಯುವುದು. ಬೆನಗಲ್, ಸತ್ಯು ಅವರ ನಟ ‘ಹೆಂಡ್ತಿಗೆ ಹೇಳ್ಬೇಡಿ’, ‘ಗಣೇಶನ ಮದುವೆ’, ‘ಗೌರಿ ಗಣೇಶ’ಗಳಿಗೆ ಇಳಿದದ್ದು ಪ್ರತಿಭೆಯ ಅಪವ್ಯಯ ಎಂಬ ಮಾತು ಹಲವು ರೂಪದಲ್ಲಿ ಕೇಳಿಬಂದಿದೆ. ಇಳಿದರು ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ‘ಗಣೇಶನ ಮದುವೆ’ಯ ವೈ.ಜಿ. ರಾವ್‌ನನ್ನು ತೆಗೆದುಕೊಳ್ಳಿ. ವಠಾರದ ಒಂದು ಮನೆಯ ಬಾಡಿಗೆದಾರ. ಮಾಲೀಕ ರಮಣಮೂರ್ತಿಯೊಂದಿಗೆ ದಿನವೂ ಜಗಳ. ಎದುರಿಗೆ ಸಿಕ್ಕಾಗಲೆಲ್ಲ ಕಚ್ಚಾಡುವ ಹುಡುಗಿಯನ್ನೇ ಬೇರೊಂದು ಹೆಸರಿನಲ್ಲಿ ಅರಿಯದೆ ಪ್ರೀತಿಸುತ್ತಿದ್ದಾನೆ. ಕಥೆಯ ಯಂತ್ರ ಸರಳವಾದದ್ದೇ. ಆದರೆ ಅದು ಓಡುವುದು ಒಂದೇ ಇಂಧನದ ಮೇಲೆ: ತಾನಲ್ಲದವನಂತೆ ತೋರಿಸಿಕೊಳ್ಳುವ ಕೆಳಮಧ್ಯಮ ವರ್ಗದ ಗಂಡಸಿನ ಜಂಬ, ಆ ಜಂಬ ಯಾವ ಗಳಿಗೆಯಲ್ಲಿ ಹರಿದುಬೀಳುವುದೋ ಎಂಬ ಅವನ ಅಂಜಿಕೆ. ರಮಣಮೂರ್ತಿಯಾದ ಮುಖ್ಯಮಂತ್ರಿ ಚಂದ್ರು ಎದುರು ನಿಂತು ಅನಂತ್ ನಾಗ್ ಸುಳ್ಳೊಂದನ್ನು ಶುರು ಮಾಡಿ, ಅರ್ಧದಲ್ಲಿ ಅದು ನಿಲ್ಲುವುದಿಲ್ಲವೆಂದು ತಿಳಿದು, ದನಿ ತಗ್ಗಿಸಿ ನಗುವುದನ್ನು ಗಮನಿಸಿ. ಇದು ಸೂರ್ಯನ ಅಭಿನಯವೇ. ಅದೇ ಕಣ್ಣು ತಪ್ಪಿಸುವಿಕೆ, ಅದೇ ತಡವರಿಕೆ. ‘ಅಂಕುರ್’ನಲ್ಲಿ ಅದಕ್ಕೆ ನಮಗೆ ಹೇಸಿಗೆಯಾಯಿತು, ಇಲ್ಲಿ ನಗು ಬರುತ್ತದೆ. ನಟನ ಸಾಮಗ್ರಿ ಬದಲಾಗಿಲ್ಲ. ಸೂರ್ಯನ ಕೈಯಲ್ಲಿ ಜಮೀನು ಇತ್ತು, ಆಳುಗಳಿದ್ದರು, ಚಾಟಿಯಿತ್ತು, ವೈ.ಜಿ. ರಾವ್ ಕೈಯಲ್ಲಿ ಬಾಡಿಗೆ ಚೀಟಿಯೂ ಸರಿಯಾಗಿಲ್ಲ. ಬಲವಿಲ್ಲದವನ ಬಲಹೀನತೆಗೆ ಬೆಲೆ ತೆರುವವನು ಅವನೇ, ಆದ್ದರಿಂದ ನಗಲು ನಮಗೆ ಅನುಮತಿ ಸಿಗುತ್ತದೆ. ದುರಂತದ ನಟನೊಬ್ಬ ವಿಶ್ರಾಂತಿಗಾಗಿ ಮಾಡಿದ ಹಾಸ್ಯವೆಂದು ಇದನ್ನು ಬದಿಗಿಡಲಾಗದು. ಒಂದೇ ವಿಷಯದ ಮೇಲೆ ನಡೆದ ಎರಡು ವ್ಯಾಖ್ಯಾನಗಳಿವು.

ಈ ಎರಡು ತುದಿಗಳ ನಡುವೆಯೂ ಪಾತ್ರಗಳಿವೆ. ಬಿ.ವಿ. ವೈಕುಂಠರಾಜು ಅವರ ಕಾದಂಬರಿಯಿಂದ ಬಂದ, ಕೋಡ್ಲು ರಾಮಕೃಷ್ಣ ನಿರ್ದೇಶನದ ‘ಉದ್ಭವ’ದಲ್ಲಿ ರಸ್ತೆ ಅಗಲೀಕರಣದ ಗದ್ದಲದ ನಡುವೆ ಗಣಪತಿಯ ವಿಗ್ರಹ ನೆಲದಿಂದ ಎದ್ದುಬಂತೆಂದು ಊರನ್ನೇ ನಂಬಿಸುವ ದಲ್ಲಾಳಿ, ನಾಗತಿಹಳ್ಳಿ ಚಂದ್ರಶೇಖರರ ಮೊದಲ ಚಿತ್ರ ‘ಉಂಡೂ ಹೋದ ಕೊಂಡೂ ಹೋದ’ದಲ್ಲಿ ಹಳ್ಳಿಗೆ ಬಂದು ಜನರ ನಂಬಿಕೆಯನ್ನು ಬಂಡವಾಳ ಮಾಡಿಕೊಂಡು ಹೋಗುವ ನಯವಂಚಕ. ಇವರಿಬ್ಬರೂ ನಗಿಸುತ್ತಾರೆ, ಆದರೆ ಬೆಲೆ ತೆರುವುದು ಊರು. ನಗು ಮುಗಿದ ಮೇಲೆ ನಾಲಿಗೆಯ ಮೇಲೆ ಕಹಿ ಉಳಿಯುವುದು ಅದಕ್ಕೇ. ವಂಚಕನನ್ನು ಅಭಿನಯಿಸುವಾಗ ಅವರು ಅವನನ್ನು ಚಾಣಾಕ್ಷನೆಂದು ತೋರಿಸುವುದಕ್ಕಿಂತ, ಸಿಕ್ಕಿಬೀಳುವ ಭಯವನ್ನು ಅಭ್ಯಾಸಬಲದಿಂದ ಅದುಮಿಟ್ಟುಕೊಂಡವನೆಂದು ತೋರಿಸುತ್ತಾರೆ. ಆ ಭಯದ ಎಳೆ ಇಲ್ಲದಿದ್ದರೆ ಈ ಪಾತ್ರಗಳು ಕೇವಲ ಖಳರಾಗುತ್ತಿದ್ದವು.

ನಗೆಚಿತ್ರಗಳ ಬಗ್ಗೆ ಇರುವ ಗಂಭೀರ ಆಕ್ಷೇಪ ವಾಸ್ತವವಾಗಿ ಬೇರೆಯದು, ಅದನ್ನು ನಮ್ಮ ವಿಮರ್ಶೆ ಸಾಕಷ್ಟು ಎತ್ತಿಲ್ಲ. ಹೆಂಡತಿಗೆ ಹೇಳಬೇಡಿ, ಯಾರಿಗೂ ಹೇಳಬೇಡಿ ಎಂಬ ಶೀರ್ಷಿಕೆಗಳಲ್ಲೇ ಗಂಡಸರ ಕೂಟವೊಂದರ ಒಳಗುಟ್ಟು ಇದೆ. ಗಂಡಸಿನ ಸುಳ್ಳು ಇಲ್ಲಿ ತುಂಟತನ, ಹೆಣ್ಣಿನ ಸಂಶಯ ತಮಾಷೆಯ ವಸ್ತು. ‘ಗೌರಿ ಗಣೇಶ’ದ ಲಂಬೋದರ ಸತ್ತುಹೋದ ಹೆಣ್ಣೊಬ್ಬಳ ಡೈರಿಯನ್ನು ಹಿಡಿದು ಮೂವರು ಗಂಡಸರಿಂದ ಹಣ ಕೀಳುತ್ತಾನೆ, ಹಾಸ್ಯದ ಓಟದಲ್ಲಿ ಆ ಹೆಣ್ಣಿನ ಮಾನದ ಪ್ರಶ್ನೆ ಬಹಳ ಹೊತ್ತು ಪಕ್ಕಕ್ಕೆ ಸರಿದಿರುತ್ತದೆ. ‘ಅಂಕುರ್’ ಯಾರಿಗೆ ಬೆಲೆ ತಗುಲಿತೆಂದು ಬೆರಳಿಟ್ಟು ತೋರಿಸಿದರೆ, ಈ ಚಿತ್ರಗಳು ಅದನ್ನು ಮರೆಸುತ್ತವೆ, ಮರೆಸುವುದಕ್ಕೆ ಅನಂತ್ ನಾಗ್ ಅವರ ಆಕರ್ಷಣೆಯೇ ಸಾಧನವಾಗುತ್ತದೆ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಪೂರ್ತಿ ಉತ್ತರ ಇರಬೇಕಾಗಿಯೂ ಇಲ್ಲ. ಇಷ್ಟು ಹೇಳಬಹುದು: ಈ ಗಂಡಸು ತನ್ನ ಸುಳ್ಳಿನ ಬಗ್ಗೆ ಹೆಮ್ಮೆಪಡುವುದಿಲ್ಲ. ಅದೇ ಕಾಲದ ಎಷ್ಟೋ ಹೊಡೆದಾಟದ ಚಿತ್ರಗಳಲ್ಲಿ ನಾಯಕ ಹೆಣ್ಣಿಗೆ ಬುದ್ಧಿ ಹೇಳುತ್ತಿದ್ದ, ಕೈಯೂ ಎತ್ತುತ್ತಿದ್ದ, ಅದಕ್ಕೆ ಶಿಳ್ಳೆಯೂ ಬೀಳುತ್ತಿತ್ತು. ಅನಂತ್ ನಾಗ್ ಅವರ ಗಂಡಸು ಹೆಣ್ಣಿನ ಎದುರು ನಡುಗುತ್ತಾನೆ, ತಪ್ಪು ತನ್ನದೆಂದು ಅವನಿಗೆ ಗೊತ್ತಿದೆ. ಇದು ಸಮಾನತೆಯೇನಲ್ಲ. ಆದರೆ ಯಜಮಾನಿಕೆಯ ಮುಖವಾಡ ಇಲ್ಲಿ ಸಡಿಲವಾಗಿದೆ.

ಅವರು ಎಲ್ಲ ಪಾತ್ರಗಳಲ್ಲೂ ಅವರೇ, ಅದೇ ಮುಖ, ಅದೇ ದನಿ ಎಂಬ ದೂರು ಇನ್ನೊಂದು. ಇದರ ಹಿಂದೆ ನಮ್ಮ ಹಳೆಯ ರಸಾಭ್ಯಾಸವಿದೆ. ಯಕ್ಷಗಾನ, ಕಂಪನಿ ನಾಟಕಗಳಲ್ಲಿ ವೇಷ ಬದಲಾದರೆ ಮನುಷ್ಯನೇ ಬದಲಾದನೆಂದು ನಂಬುವುದನ್ನು ನಾವು ಕಲಿತಿದ್ದೇವೆ, ಆ ನಂಬಿಕೆ ಅಲ್ಲಿಗೆ ಸರಿಯಾದದ್ದೇ. ವೇಷ ಕಟ್ಟುವುದು ಇವರಿಗೂ ಬರುತ್ತದೆ: ‘ಹಂಸಗೀತೆ’ಯ ಸಂಗೀತಗಾರ, ಮಲೆನಾಡಿನ ಬಂಡಾಯಗಾರ ಕನ್ನೇಶ್ವರ ರಾಮ, ತಿರುವಾಂಕೂರಿನ ವಾಗ್ಗೇಯಕಾರ ಅರಸ ಸ್ವಾತಿ ತಿರುನಾಳ್ ಇದಕ್ಕೆ ಸಾಕ್ಷಿ. ಈ ಗಟ್ಟಿ ಪಾತ್ರಗಳನ್ನು ಅವರು ಘನತೆಯಿಂದ ನಿರ್ವಹಿಸಿದರು. ಅವು ನನ್ನ ವಾದಕ್ಕೆ ಹೊರಗಿನವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಬೇರೆ ನಟರಿಗೆ ಸಾಧ್ಯವಾಗದ್ದೇನನ್ನೂ ಅವರು ಅಲ್ಲಿ ಮಾಡಲಿಲ್ಲ. ಕ್ಯಾಮೆರಾ ಹತ್ತಿರ ಬಂದಾಗ ಪೇಟ, ಮೀಸೆಗಳಿಗಿಂತ ಹೆಚ್ಚಿನದು ಬೇಕಾಗುತ್ತದೆ. ಒಂದೇ ಮುಖದ ಮೇಲೆ ಜಮೀನ್ದಾರನ ಭಯ, ಅಧಿಕಾರಿಯ ಅಸಹಾಯಕತೆ, ಬಾಡಿಗೆದಾರನ ಜಂಬ, ದಲ್ಲಾಳಿಯ ನಯ ಬೇರೆ ಬೇರೆಯಾಗಿ ಓದಲು ಸಿಗುತ್ತವೆಯಾದರೆ ಅದು ಕಲೆಯ ಕೊರತೆ ಹೇಗಾದೀತು?

ಕೊರತೆ ಇಲ್ಲವೆಂದಲ್ಲ. ಕಳೆದ ಎರಡು ದಶಕಗಳಲ್ಲಿ ಕನ್ನಡ ಚಿತ್ರರಂಗ ಅವರನ್ನು ಬಹುಮಟ್ಟಿಗೆ ಗೌರವದ ಮುದ್ರೆಯಂತೆ ಬಳಸಿಕೊಂಡಿತು. ನಾಯಕಿಯ ಸಜ್ಜನ ತಂದೆ, ತೂಕದ ನಾಲ್ಕು ಮಾತಾಡುವ ಹಿರಿಯ, ಕಥೆ ನಿರೂಪಿಸುವ ದನಿ. ‘ಕೆಜಿಎಫ್’ ಮೊದಲ ಭಾಗದ ಪತ್ರಕರ್ತ ಆನಂದ್ ಇಂಗಳಗಿ ದೇಶವಿಡೀ ಪರಿಚಿತನಾದ. ಆದರೆ ಆ ಪಾತ್ರದಲ್ಲಿ ಅವರು ಮಾಡಬೇಕಿದ್ದದ್ದು ಮತ್ತೊಬ್ಬನ ಶೌರ್ಯಕ್ಕೆ ಸಾಕ್ಷಿ ಹೇಳುವುದಷ್ಟೇ. ಬಲಹೀನನಿಗೆ ಮುಖ ಕೊಟ್ಟ ನಟ ಬಲಾಢ್ಯನ ವಂದಿಮಾಗಧನಾದದ್ದು ನನಗೆ ಸರಿಕಾಣುವುದಿಲ್ಲ. ಇಲ್ಲಿ ತಪ್ಪು ನಟನದು ಎನ್ನುವುದಕ್ಕಿಂತ, ಹಿರಿಯ ನಟರಿಗೆ ಪಾತ್ರ ಬರೆಯಲು ಒಲ್ಲದ ಉದ್ಯಮದ್ದು. ಹಾಗೆ ಬರೆದವರು ಸಿಕ್ಕಾಗ ಏನಾಯಿತೆಂಬುದನ್ನು ಹೇಮಂತ್ ರಾವ್ ತೋರಿಸಿದರು. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, ಕಾಣೆಯಾದವರ ಪ್ರಕಟಣೆಯ ಮಾತುಗಳನ್ನೇ ಹೆಸರಾಗಿಟ್ಟುಕೊಂಡ ಚಿತ್ರ. ಮರೆವಿನ ರೋಗಕ್ಕೆ ಸಿಕ್ಕ ವೆಂಕೋಬ ರಾವ್ ಮಗನ ಕೈತಪ್ಪಿ ಕಳೆದುಹೋಗುತ್ತಾರೆ. ಸೂರ್ಯನಿಂದ ಲಂಬೋದರನವರೆಗೆ ಎಲ್ಲರಿಗೂ ತಮ್ಮ ದೌರ್ಬಲ್ಯ ಗೊತ್ತಿತ್ತು, ಅದನ್ನು ಮುಚ್ಚುವುದೇ ಅವರ ಬದುಕಾಗಿತ್ತು. ವೆಂಕೋಬ ರಾವ್ ಅವರಿಗೆ ಮುಚ್ಚಿಡಲು ಏನೂ ಉಳಿದಿಲ್ಲ. ಹಾಗಾಗಿ ನಾಲ್ಕು ದಶಕಗಳ ಆ ತಡವರಿಕೆ, ಅರ್ಧಕ್ಕೆ ನಿಂತ ವಾಕ್ಯ, ಪಕ್ಕಕ್ಕೆ ಜಾರುವ ನೋಟ ಎಲ್ಲ ಇಲ್ಲೂ ಇದ್ದು, ಅವುಗಳಿಂದ ಕಪಟವೊಂದು ಮಾತ್ರ ಕಳಚಿಹೋಗಿದೆ. ಇದನ್ನು ರೋಗಿಯ ಲಕ್ಷಣಗಳ ಅನುಕರಣೆಯೆಂದು ಹೊಗಳಿದವರು ಚಿತ್ರವನ್ನು ಅರ್ಧ ಮಾತ್ರ ನೋಡಿದ್ದಾರೆ. ಮೂರು ವರ್ಷಗಳ ನಂತರ ಅದೇ ನಿರ್ದೇಶಕರ ‘ಕವಲುದಾರಿ’ಯ ಮುತ್ತಣ್ಣ, ಹಳೆಯ ಪ್ರಕರಣವೊಂದರ ಭಾರಕ್ಕೆ ಕುಗ್ಗಿದ ನಿವೃತ್ತ ಪೊಲೀಸ್ ಅಧಿಕಾರಿ, ಇದೇ ಸಾಲಿನವ.

ನಾನು ಇಷ್ಟು ಹೊತ್ತು ಆಧಾರವಾಗಿಟ್ಟುಕೊಂಡ ದೃಶ್ಯಗಳನ್ನು ನೀವು ನಿಮ್ಮ ಕಣ್ಣಿನಿಂದ ಪರೀಕ್ಷಿಸಿ, ನನ್ನ ವಾದವನ್ನು ಒಪ್ಪಬೇಕು ಇಲ್ಲವೇ ತಳ್ಳಬೇಕು. ಅಭಿನಯದ ಚರಿತ್ರೆಗೆ ಬೇರೆ ದಾಖಲೆಯಿಲ್ಲ. ಚಿತ್ರದ ಪ್ರತಿ ಹಾಳಾದರೆ ವಾದವೂ ಹೋಯಿತು. ಎರಡೆರಡು ರೂಪಾಯಿ ಹಾಕಿ ಐದು ಲಕ್ಷ ಹಾಲು ಉತ್ಪಾದಕರು ನಿರ್ಮಿಸಿದ ‘ಮಂಥನ್’ ಪುನರುಜ್ಜೀವನಗೊಂಡು 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದೇ ವರ್ಷ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಹೊಸ ಪ್ರತಿ ವೆನಿಸ್‌ನಲ್ಲಿ ಪ್ರದರ್ಶನಗೊಂಡಿತು. ಎರಡೂ ಕೆಲಸಗಳ ಹಿಂದೆ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇತ್ತು. ‘ಸಂಕಲ್ಪ’, ‘ಕನ್ನೇಶ್ವರ ರಾಮ’, ‘ಬರ’, ‘ಅವಸ್ಥೆ’ಗಳಿಗೂ ಅದೇ ಭಾಗ್ಯ ಒದಗಬೇಕು, ಅದಕ್ಕೆ ಹೊರಗಿನವರಿಗಾಗಿ ಕಾಯಬೇಕಾಗಿಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿಯೂ ರಾಜ್ಯ ಸರ್ಕಾರವೂ ಮುಂದಿನ ಬಜೆಟ್ಟಿನಲ್ಲೇ ಇದಕ್ಕೆ ಹಣ ತೆಗೆದಿಡಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.